ಸಪ್ಪಳವಿಲ್ಲದ ಓಟ

ದಾಂಡೇಲಿಯ ನಮ್ಮ ಚಾಳಿನಲ್ಲಿ ಯಾವ ಹೊತ್ತಿಗೆ ನೋಡಿದರೂ ಯಾರಾದರೊಬ್ಬರು ಮಲಗಿರುತ್ತಿದ್ದರು. ಕಾಗದದ ಕಾರಖಾನೆ ಶುರುವಾಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ಕಾರಖಾನೆಯ ಸೈರನ್, ನಾವು ಭೊಂಗಾ ಎನ್ನುವುದು, ಕೂಗಿದಾಗ ಒಂದು ಮನೆಯವರು ಎದ್ದು ಹೋಗುವರು, ಇನ್ನೊಂದು ಮನೆಯವರು ಬಂದು ಬೀಳುವರು. ನಾನು ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನಗೆ ಮೊದಲು ಕಲಿಸಿದ್ದು ಅಡುಗೆಯಲ್ಲ. ಕೊಡ ಇಳಿಸುವಾಗ, ಬಾಗಿಲು ಮುಂದೆ ಮಾಡುವಾಗ, ಪಾತ್ರೆ ತಿಕ್ಕುವಾಗ ಸದ್ದು ಮಾಡಬಾರದು ಎನ್ನುವುದನ್ನು. 'ಗ್ವಾಡಿ ಆಚೆ ಒಬ್ಬರು ದುಡದು ಮಲಗ್ಯಾರವಾ' ಎನ್ನುತ್ತಿದ್ದರು. ತಗಡಿನ ಮಾಡು, ಎರಡು ಮನೆಗೆ ಒಂದೇ ಗೋಡೆ. ಆ ಗೋಡೆಗೆ ಕಿವಿ ಮಾತ್ರ ಇತ್ತು, ದಪ್ಪ ಇರಲಿಲ್ಲ.

ನಮ್ಮ ಮನೆಯಲ್ಲಿ ನಾವು ನಾಲ್ವರು. ನಮ್ಮ ಮನೆಯವರು ಕಾರಖಾನೆಗೆ ಹೋಗುತ್ತಿದ್ದರು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇನ್ನೊಬ್ಬಳು ನನ್ನ ನಾದಿನಿ, ನಮ್ಮ ಮನೆಯವರ ಒಬ್ಬಳೇ ತಂಗಿ. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು, ಅಷ್ಟೇ. ನನ್ನನ್ನು ವೈನಿ ಎಂದು ಕರೆಯುತ್ತಿದ್ದಳು. ಹೊಸ ಊರಿನಲ್ಲಿ ನನಗೆ ಗೆಳತಿ ಎಂದು ಇದ್ದವಳು ಅವಳೊಬ್ಬಳೇ. ದೇವರು ಅತ್ತೆಯ ಮನೆಯಲ್ಲಿ ಒಬ್ಬ ಗೆಳತಿಯನ್ನು ಇಟ್ಟು ನನ್ನನ್ನು ಅಲ್ಲಿಗೆ ಕಳಿಸಿದ್ದ. ಅದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಈ ನಾದಿನಿ ಓಡುತ್ತಿದ್ದಳು.

ಶಾಲೆಯ ಆಟೋಟದಲ್ಲಿ ಲಂಗ ಎತ್ತಿ ಸಿಗಿಸಿಕೊಂಡು ಓಡಿ ಎಲ್ಲರಿಗಿಂತ ಮುಂದೆ ಬಂದಳಂತೆ. ಅದನ್ನು ನೋಡಿದ ಅವರ ಡ್ರಿಲ್ ಅಕ್ಕಾರು, ಆಟ ಕಲಿಸುವ ಶಿಕ್ಷಕಿ, ಒಂದು ರವಿವಾರ ನಮ್ಮ ಮನೆಗೇ ಬಂದರು. ಬೆಳಗಾವಿಯ ಕಡೆಯವರು, ಮರಾಠಿ ಬೆರೆಸಿ ಕನ್ನಡ ಮಾತಾಡುವವರು, ಕಚ್ಚೆ ಸೀರೆ ಉಟ್ಟ ಗಟ್ಟಿ ಹೆಂಗಸು. ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತ ನಮ್ಮ ಮನೆಯವರಿಗೆ ಹೇಳಿದರು:

'ನಿಮ್ಮ ತಂಗಿ ಕಾಲಾಗ ದೇವರು ಏನೋ ಇಟ್ಟಾನ್ರೀ. ಮೊದಲ ಹಳಿಯಾಳದಾಗ ತಾಲೂಕಿನ ಓಟ. ಅಲ್ಲಿ ಗೆದ್ರ ಕಾರವಾರದಾಗ ಜಿಲ್ಲಾದ್ದು. ಕಾರವಾರದಾಗ ನಂಬರ್ ಬಂದ್ಲಂದ್ರ, ಧಾರವಾಡದಾಗ ಡ್ರಿಲ್ ಟ್ರೇನಿಂಗಿಗೆ ನಾ ಸ್ವತಾ ಹೋಗಿ ಸೀಟು ಕೇಳ್ತೇನಿ. ನನ್ನಂಗ ಮಾಸ್ತರಕಿ ಮಾಡ್ತಾಳ.'

ನಮ್ಮ ಮನೆಯವರು ತಲೆ ಕೆರೆದುಕೊಂಡರು. ಮುಂಡಗೋಡ ಕಡೆಯ ಚಿಗಳ್ಳಿಯಿಂದ ಒಂದು ಸಂಬಂಧ ಬಂದು, ಮಾತು ಅರ್ಧ ಮುಗಿದಿತ್ತು. ಒಕ್ಕಲುತನದ ಮನೆ, ಭತ್ತದ ಗದ್ದೆ, ಕೊಟ್ಟಿಗೆಯಲ್ಲಿ ಎಮ್ಮೆಗಳು. ಹುಡುಗನಿಗೆ ವಯಸ್ಸು ತುಸು ಹೆಚ್ಚು, ಆದರೆ ಚಟವಿಲ್ಲದವನು. ನಾದಿನಿ ಒಳಗೆ ಬಾಗಿಲ ಹಿಂದೆ ನಿಂತು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

'ನೋಡ್ರಿ ಅಕ್ಕಾರೆ, ಒಂದ ಮಾತು' ಎಂದರು ನಮ್ಮ ಮನೆಯವರು. 'ಕಾರವಾರದಾಗ ನಂಬರ್ ಬರಲಿ, ಚಿಗಳ್ಳಿಯವರ ಮುಂದ ನಾನ ಹೋಗಿ ಕೈ ಮುಗದು ಬರ್ತೇನಿ. ಬರಲಿಲ್ಲಾ, ಬ್ಯಾಸಗಿಗೆ ಅಕ್ಷತಾ. ಆಮ್ಯಾಲ ಯಾರೂ ನನ್ನ ಮ್ಯಾಲ ಸಿಟ್ಟ ಮಾಡಬಾರದು.'

ಅವರು ಕೆಟ್ಟವರಲ್ಲ. ಆ ಕಾಲಕ್ಕೆ ಆ ಮಾತು ಆಡುವ ಅಣ್ಣಂದಿರು ಎಷ್ಟು ಮಂದಿ ಇದ್ದರು? ಆದರೆ ಅಂದಿನಿಂದ ಅವಳ ಇಡೀ ಮುಂದಿನ ಬಾಳು ಅವಳ ಎರಡು ಕಾಲಿನ ಮೇಲೆ ಬಂದು ನಿಂತಿತು.

ಓಡುವುದೆಲ್ಲಿ? ಹೊಳೆಯ ದಾರಿಗೆ ಹೋಗುವಂತಿಲ್ಲ, ಬೆಳಗಿನ ಜಾವಕ್ಕೆ ಕರಡಿ ಇಳಿಯುತ್ತಿದ್ದವು. ದೊಡ್ಡ ರಸ್ತೆಯಲ್ಲಿ ಬಿದಿರಿನ ಲಾರಿಗಳ ಸಾಲು. ಕಾರಖಾನೆಯವರ ಬಂಗೂರನಗರದ ಮೈದಾನದಲ್ಲಿ ಗಂಡುಹುಡುಗರು. ಉಳಿದದ್ದು ನಮ್ಮ ಚಾಳನ್ನು ಸುತ್ತುವ ಗರಸಿನ ಓಣಿ ಒಂದೇ. ಬೆಳಕು ಹರಿದ ಮೇಲೆ, ಗಂಡಸರು ನಳದ ಹತ್ತಿರ ಸೇರುವ ಮೊದಲು ಅವಳು ಸುತ್ತು ಹಾಕುತ್ತಿದ್ದಳು. 'ಉದ್ದ ಹೆಜ್ಜಿ ಹಾಕು, ಆದಷ್ಟು ಮುಂದ ಚಾಚು' ಎಂದು ಅಕ್ಕಾರು ಹೇಳಿದ್ದರು. ಅವಳು ಕಾಲನ್ನು ಮುಂದಕ್ಕೆ ಎಸೆದು ಎಸೆದು ಓಡುವಳು. ಹಿಮ್ಮಡಿ ನೆಲಕ್ಕೆ ಅಪ್ಪಳಿಸಿದಾಗ ನಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅದುರುತ್ತಿತ್ತು.

ಸ್ವಲ್ಪ ದಿನಕ್ಕೆ ಕಾಲು ಹಿಡಿಯಿತು. ಒಂದು ಬೆಳಿಗ್ಗೆ ನಾನು ರೊಟ್ಟಿಗೆ ಎಸರು ಇಟ್ಟಿದ್ದೆ. ಅವಳು ಬಂದು ಒಲೆಯ ಮುಂದೆ ಕಾಲು ಚಾಚಿ ಕುಳಿತಳು.

'ವೈನಿ, ಅಣ್ಣಗ ಹೇಳಬ್ಯಾಡ. ಮೊಳಕಾಲ ಕೆಳಗ, ಮುಂದಿನ ಎಲಬು ಸೀಳಿ ಹೋಗೂಹಂಗ ನೋಯ್ತೈತಿ.'

ನಾನು ಹೆಬ್ಬೆರಳಿನಿಂದ ಎಲುಬಿನ ಅಂಚನ್ನು ಒತ್ತಿದೆ. ಕೂಗು ಹೊರಬರದಂತೆ ಅವಳು ಲಂಗದ ಚುಂಗು ಬಾಯಿಗೆ ತುರುಕಿಕೊಂಡಳು. ಔಡಲೆಣ್ಣೆ ತಿಕ್ಕಿದೆ, ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟೆ. ಅತ್ತೆಗೆ ಎಣ್ಣೆಯ ವಾಸನೆಯಿಂದಲೇ ಗೊತ್ತಾಯಿತು. 'ಯಾರದೋ ಕಣ್ಣು ತಾಕೇತಿ' ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಶನಿವಾರ ಹಣಮಪ್ಪನಿಗೆ ಎಣ್ಣೆ ಒಯ್ದು ಕೊಟ್ಟು ಬಂದೆ. ಸಮುದ್ರ ಹಾರಿದ ದೇವರಿಗೆ ಹುಡುಗಿಯ ಕಾಲು ಏನು ದೊಡ್ಡದು ಎಂದು ಬೇಡಿಕೊಂಡೆ. ನೋವು ಮಧ್ಯಾಹ್ನ ಇಳಿಯುವುದು, ಮರುದಿನ ಓಡಿದರೆ ಮತ್ತೆ ಏರುವುದು. ಕಡೆಕಡೆಗೆ ನೀರು ತರಲು ಹೋಗುವಾಗಲೂ ಕುಂಟತೊಡಗಿದಳು. ಅಣ್ಣ ಮನೆಯಲ್ಲಿದ್ದಾಗ ಮಾತ್ರ ತುಟಿ ಕಚ್ಚಿ ನೆಟ್ಟಗೆ ನಡೆಯುವಳು.

ಆ ಹೊತ್ತಿಗೇ ಪಕ್ಕದ ಮನೆಯ ಚಾಚಾ ಜಗಳಕ್ಕೆ ಬಂದರು.

ಚಾಚಾ ಕಾರಖಾನೆಯಲ್ಲಿ ಫಿಟ್ಟರ್. ಬಹುತೇಕ ರಾತ್ರಿ ಪಾಳಿಯೇ. ಬೆಳಿಗ್ಗೆ ಬಂದು, ನಮಾಜು ಮುಗಿಸಿ, ಒಂದು ಬಟ್ಟಲು ಚಹಾ ಕುಡಿದು ಮಲಗಬೇಕು ಎನ್ನುವಷ್ಟರಲ್ಲಿ ಇವಳ ಓಟ. ಅವರ ಹಾಸಿಗೆ ಇದ್ದದ್ದು ಓಣಿಯ ಕಡೆಯ ಗೋಡೆಗೆ. ತಲೆಗೆ ಟವೆಲ್ ಸುತ್ತಿಕೊಂಡು, ಕೆಂಪು ಕಣ್ಣು ಮಾಡಿಕೊಂಡು ನಮ್ಮ ಬಾಗಿಲಿಗೆ ನಿಂತರು.

'ಅರೇ ಭಾಯ್, ನಿಮ್ಮ ಮನ್ಯಾಗ ಹುಡುಗಿ ಐತೋ ಕುದರಿ ಐತೋ?'

ನಮ್ಮ ಮನೆಯವರು ಗಾಬರಿಯಾದರು. ನಾದಿನಿ ಒಳಗಿಂದಲೇ, 'ಕುದರಿ ಅಂದ್ರಿ, ಪುಣ್ಯಾ ಬಂತ್ರಿ ಚಾಚಾ. ಎಮ್ಮಿ ಅನ್ನಲಿಲ್ಲ' ಎಂದಳು.

'ಎಮ್ಮಿ ಹಿಂಗ ಓಡೂದಿಲ್ಲ ಬೇಟಿ. ಎಮ್ಮಿಗೆ ಅಕಲ್ ಐತಿ.'

ಗೋಡೆಯ ಆಚೆಯಿಂದ ಅವರ ಹೆಂಡತಿ, ನಾವೆಲ್ಲ ಖಾಲಾ ಎನ್ನುತ್ತಿದ್ದೆವು, ಕೂಗಿ ಹೇಳಿದರು: 'ಅವರ ಗೊರಕಿಗೆ ನಾ ಲಗ್ನಾದಾಗಿಂದ ಮಲಗಿಲ್ಲ. ಒಂದ ಹುಡುಗಿ ಓಡಿದ್ರ ಇವರ ನಿದ್ದಿ ಹಾಳಾತಂತ! ನೀ ಓಡು ಬೇಟಿ!'

ಚಾಚಾನಿಗೂ ನಗು ಬಂತು. ಆದರೆ ಮನುಷ್ಯ ನಿಜವಾಗಿ ದಣಿದಿದ್ದರು. 'ಓಡಬ್ಯಾಡ ಅನ್ನೂದಿಲ್ಲ ಭಾಯ್. ಆಕಿ ಹೆಜ್ಜಿ ನನ್ನ ಎದಿಮ್ಯಾಲ ಬೀಳಬಾರದು, ಅಷ್ಟ' ಎಂದು ಹೋದರು. ನಮ್ಮ ಮನೆಯವರು ತಂಗಿಯ ಕಡೆ ತಿರುಗಿ, 'ಕೇಳಿದಿಲ್ಲ? ಸಪ್ಪಳ ಮಾಡದಂಗ ಓಡಾಕ ಬಂದ್ರ ಓಡು. ಇಲ್ಲಂದ್ರ ಬಿಡು. ರಾತ್ರೆಲ್ಲಾ ದುಡದವರ ನಿದ್ದಿ ಕೆಡಿಸಿ ನಮಗ ಕಾರವಾರ ಬ್ಯಾಡ' ಎಂದರು.

ಮೊದಲು ಅವಳು ತುದಿಗಾಲಲ್ಲಿ ಓಡಿದಳು. ಸಪ್ಪಳವೇನೋ ನಿಂತಿತು, ಆದರೆ ಮೀನಖಂಡ ಗಂಟುಕಟ್ಟಿ ಎರಡು ದಿನ ಕುಕ್ಕರಗಾಲಲ್ಲಿ ಕೂರಲಾಗಲಿಲ್ಲ. 'ಬೆಕ್ಕಾಗಾಕ ಹೋಗಿ ಕುಂಟ ಕೋಳಿ ಆದ್ಯಲ್ಲೇ' ಎಂದು ಅತ್ತೆ ನಕ್ಕರು. ಅವಳು ಅಳುವುದಕ್ಕೆ ಶುರುಮಾಡಿದಳು. ಅದುವರೆಗೂ ಅಳದವಳು ಅಂದು ಅತ್ತದ್ದು ಕೇಳಿ ಅತ್ತೆ ಅವಳ ಕಾಲನ್ನು ತಡವಿ ಹಿಡಿದು ತೊಡೆಯ ಮೇಲೆ ಎಳೆದುಕೊಂಡರು.

ಮಾರನೆಯ ದಿನ ನಾನು ಬಾಗಿಲ ಮುಂದೆ ಸಗಣಿ ಸಾರಿಸಿದ್ದೆ. ಇನ್ನೂ ಆರಿರಲಿಲ್ಲ. ಅವಳು ನೋಡದೆ, ಮತ್ತೆ ಹಳೆಯ ಹೆಜ್ಜೆಯಲ್ಲೇ, ಅದರ ಮೇಲೆ ಓಡಿ ಹೋದಳು. ಬೈಯಬೇಕೆಂದು ಹೊರಗೆ ಬಂದವಳು ಹೆಜ್ಜೆಯ ಗುರುತು ನೋಡುತ್ತ ನಿಂತೆ. ಹಿಮ್ಮಡಿ ಬಿದ್ದಲ್ಲಿ ಕುಣಿ, ಬೆರಳು ಇದ್ದಲ್ಲಿ ಬರೀ ಒಂದು ಗೆರೆ. ನೀರಿನ ಕೊಡ ಹೊತ್ತು ಬಂದ ನನ್ನ ಹೆಜ್ಜೆಯೂ ಪಕ್ಕದಲ್ಲೇ ಇತ್ತು. ಅಷ್ಟು ಭಾರ ಹೊತ್ತಿದ್ದರೂ ನನ್ನ ಪಾದ ಪೂರ್ತಿ ಮೂಡಿತ್ತು, ಕುಣಿ ಬಿದ್ದಿರಲಿಲ್ಲ. ತಲೆಯ ಮೇಲೆ ತುಂಬಿದ ಕೊಡ ಇದ್ದಾಗ ಯಾರೂ ಕಾಲನ್ನು ಮುಂದಕ್ಕೆ ಎಸೆಯುವುದಿಲ್ಲ. ಎಸೆದರೆ ನೀರು ಮೈಮೇಲೆ ಸುರಿಯುತ್ತದೆ. ಮೊಳಕಾಲು ಸಡಿಲ ಬಿಟ್ಟು, ಪಾದವನ್ನು ಮೈಯ ಕೆಳಗೇ ಇಡುತ್ತೇವೆ.

ಅವಳನ್ನು ಕರೆದು ತೋರಿಸಿದೆ. 'ಹೆಜ್ಜಿ ಸಣ್ಣದು ಮಾಡು. ಕಾಲು ನಿನ್ನ ಹೊಟ್ಟಿ ಕೆಳಗ ಬೀಳಲಿ, ಮುಂದ ಅಲ್ಲ.'

'ಅಕ್ಕಾರು ಉದ್ದ ಹಾಕು ಅಂತಾರಲ್ಲ?'

'ಅಕ್ಕಾರ ಮನಿ ಗ್ವಾಡಿಗೆ ಚಾಚಾ ಮಲಗಿಲ್ಲವಾ.'

ಅವಳು ನಕ್ಕಳು, ಆದರೆ ಮಾಡಿ ನೋಡಿದಳು. ಹೆಜ್ಜೆ ಸಣ್ಣದಾದಾಗ ಓಟ ನಿಧಾನವಾಯಿತು, ಬೇಸರಪಟ್ಟಳು. ಹೆಜ್ಜೆಯನ್ನು ಬೇಗ ಬೇಗ ಹಾಕಿದಾಗ ಕಳೆದುಕೊಂಡ ವೇಗ ಮರಳಿ ಬಂತು. ಅತ್ತೆ ಬಾಗಿಲ ಹತ್ತಿರ ಕಂಬಳಿ ಹಾಸಿಕೊಂಡು ಕುಳಿತು ಕೇಳುವರು. ಕಣ್ಣು ಹೋದ ಮೇಲೆ ಅವರ ಕಿವಿ ಇನ್ನಷ್ಟು ಚುರುಕಾಗಿತ್ತು. 'ಬಲಗಾಲು ಹಗೂರಾತು. ಎಡಗಾಲು ಇನ್ನೂ ಒನಕಿನ ಐತಿ' ಎಂದು ಅಲ್ಲಿಂದಲೇ ಹೇಳುವರು. ಚಾಚಾ ಏಳದಂತೆ ಪಿಸುಮಾತಿನಲ್ಲಿ ಹೇಳಬೇಕು, ಓಡುತ್ತಿರುವವಳಿಗೆ ಕೇಳಿಸಲೂ ಬೇಕು! ಅವಳು ಪ್ರತಿ ಸುತ್ತಿಗೂ ಬಾಗಿಲ ಹತ್ತಿರ ಬಂದಾಗ ಕಿವಿ ಬಾಗಿಸಿ ಕೇಳಿಸಿಕೊಂಡು ಹೋಗುವಳು.

ಕಾಲು ಹಗುರಾದರೂ ಮೈ ಬಿಗಿಯೇ ಇತ್ತು. ಎರಡೂ ಕೈ ಮುಷ್ಟಿ ಕಟ್ಟಿ, ಭುಜ ಕಿವಿಗೆ ಏರಿಸಿ, ಹಲ್ಲುನೋವಿನವರ ಹಾಗೆ ಮುಖ ಮಾಡಿಕೊಂಡು ಓಡುವಳು. ನಾನು ದೀಪಕ್ಕೆ ಹೊಸೆದ ಹೂಬತ್ತಿಗಳನ್ನು ಒಂದೊಂದು ಕೈಯಲ್ಲಿ ಒಂದೊಂದು ಇಟ್ಟೆ. 'ಹಿಚುಕಬ್ಯಾಡ, ಕೆಡವಬ್ಯಾಡ. ಹಿಚುಕಿದ್ಯಂದ್ರ ನೀನ ಕುಂತು ಹೊಸೀಬೇಕು' ಎಂದೆ. ಮೊದಮೊದಲು ಬೆವರಿಗೆ ತೊಯ್ದು, ಮುದ್ದೆಯಾಗಿ ಬರುತ್ತಿದ್ದವು. ದಿನ ಕಳೆದಂತೆ ಹೇಗೆ ಕೊಟ್ಟೆನೋ ಹಾಗೇ ಬರತೊಡಗಿದವು. ಕೈ ಸಡಿಲವಾದಾಗ ಭುಜ ತಾನೇ ಇಳಿಯಿತು, ಭುಜ ಇಳಿದಾಗ ಉಸಿರು ಹೊಟ್ಟೆಗೆ ಇಳಿಯಿತು. ಆ ಬತ್ತಿಗಳನ್ನು ದೇವರ ಮುಂದೆ ಹಚ್ಚಲಿಲ್ಲ, ಬೆವರು ತಾಗಿದ ಮೈಲಿಗೆ ಎಂದು ಅಡುಗೆಮನೆಯ ದೀಪಕ್ಕೆ ಹಾಕಿದೆ. ಆದರೆ ಅದೂ ಒಂದು ಪೂಜೆಯೇ ಆಗಿತ್ತೆಂದು ಈಗ ಅನ್ನಿಸುತ್ತದೆ.

ಉಸಿರಿಗೆ ಅತ್ತೆಯ ಲೆಕ್ಕ ಬೇರೆ. 'ಮನಸಿನಾಗ ರಾಮ ರಾಮ ಅಂತ ಓಡು. ರಾಮ ಅನ್ನಾಕ ಆಗದಷ್ಟು ದಮ್ಮು ಹತ್ತಿತಂದ್ರ ಜೋರಾತು ಅಂತ ತಿಳಕೊ, ನಿಧಾನ ಮಾಡು.' ಶನಿವಾರ ಓಟ ಬಂದ್. ಅದು ಹಣಮಪ್ಪನ ವಾರ, ಅಂದು ಓಡುವವನು ಅವನೊಬ್ಬನೇ ಎಂದು ಅತ್ತೆಯ ಕಟ್ಟಳೆ. ಅಮಾವಾಸ್ಯೆಗೂ ಬಂದ್. ಓಡುವ ಮೊದಲು ಗುಡಿಯ ಕಟ್ಟೆಯವರೆಗೆ ಮೆಲ್ಲಗೆ ನಡೆದು, ಕೈ ಮುಗಿದು ಬರಬೇಕು. ಭಕ್ತಿಗೆಂದು ಮಾಡಿದ ನೇಮ ಕಾಲಿಗೂ ಒದಗಿತು. ನಡೆದು ಮೈ ಬೆಚ್ಚಗಾದ ಮೇಲೆ ಓಡಿದರೆ ನೋವು ಕಡಿಮೆ, ವಾರಕ್ಕೊಮ್ಮೆ ಬಿಟ್ಟರೆ ಎಲುಬಿಗೆ ಆರಾಮ. ನವರಾತ್ರಿಯ ಹೊತ್ತಿಗೆ ನಾನು ಅದೇ ಜಾಗದಲ್ಲಿ ಹೆಬ್ಬೆರಳು ಒತ್ತಿದಾಗ ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು.

'ಇಲ್ಲೇನ?' ಎಂದೆ.

'ಇಲ್ಲಾ ವೈನಿ. ಇನ್ನಷ್ಟು ಒತ್ತು. ಇಲ್ಲಾ.'

ಆ ವಾರವೇ ಒಂದು ಬೆಳಿಗ್ಗೆ ಚಾಚಾ ಹೊರಗೆ ಬಂದು ಬೇವಿನಕಡ್ಡಿ ಅಗಿಯುತ್ತ ಕೇಳಿದರು: 'ಬೇಟಿಗೆ ಆರಾಮಿಲ್ಲೇನ್ರಿ? ಭಾಳ ದಿನಾತು, ಓಡೂದ ಬಿಟ್ಟಾಳ?'

'ಈಗರ ಓಡಿ ಬಂದು ಮಾರಿ ತೊಳಕೊಳ್ಳಾಕತ್ತಾಳ್ರಿ' ಎಂದೆ.

ಚಾಚಾ ಬಾಯಿಂದ ಕಡ್ಡಿ ತೆಗೆದು, ಓಣಿಯ ಆ ತುದಿಯಿಂದ ಈ ತುದಿಗೆ ನೋಡಿ, 'ಯಾ ಅಲ್ಲಾ' ಎಂದರು. ಒಳಗೆ ಹೋಗಿ ಖಾಲಾರನ್ನು ಎಬ್ಬಿಸಿ ಹೇಳಿದ್ದು ಗೋಡೆಯಾಚೆ ನಮಗೂ ಕೇಳಿಸಿತು.

ಅಕ್ಕಾರು ಶಾಲೆಯಲ್ಲಿ ನೋಡಿ ಮೊದಲು ಬೈದರಂತೆ. 'ಅಗ ಬಾಯಿ, ಇದೇನ ಇಲಿಹೆಜ್ಜಿ? ನಾ ಹೇಳಿದ್ದು ಇದಲ್ಲ!' ಆಮೇಲೆ ಇಡೀ ಮೈದಾನ ಸುತ್ತಿ ಬಂದರೂ ಇವಳ ಉಸಿರು ಏರದ್ದನ್ನು ಕಂಡು, 'ಇರಲಿ, ಇರಲಿ. ಹಿಂಗ ಓಡು. ನನಗೂ ಕಲಸು' ಎಂದು ಬೆನ್ನು ತಟ್ಟಿದರಂತೆ.

ಹಳಿಯಾಳದ ಓಟಕ್ಕೆ ಖಾಲಾ ತಮ್ಮದೊಂದು ಸಲವಾರನ್ನು ಕತ್ತರಿಸಿ, ಇವಳ ಅಳತೆಗೆ ಹೊಲಿದು ಕೊಟ್ಟರು. ನಾನು ಹೋಗಲಿಲ್ಲ. ಅಷ್ಟರಲ್ಲಿ ನಾನು ಹೊಟ್ಟೆ ಕಾಣುವಷ್ಟು ಬಸುರಿ. ಸಂಜೆ ಶಾಲೆಯವರ ಲಾರಿಯಿಂದ ಇಳಿದ ನಾದಿನಿ ಓಣಿಯ ತುದಿಯಿಂದ ಕೂಗಲಿಲ್ಲ, ಓಡಲೂ ಇಲ್ಲ. ಮೆಲ್ಲಗೆ ಬಂದು ಅತ್ತೆಯ ಮಡಿಲಲ್ಲಿ ಒಂದು ಹಿತ್ತಾಳೆಯ ಲೋಟ ಇಟ್ಟಳು. ಅತ್ತೆ ಅದರ ಅಂಚನ್ನು ಬೆರಳಿಂದ ಸುತ್ತಿ ನೋಡಿ, 'ಇದು ನಮ್ಮನಿದಲ್ಲ' ಎಂದರು.

'ನಮ್ಮನಿದ ಅವ್ವಾ. ಗೆದ್ದೇನಿ.'

ಆಮೇಲೆ ನನ್ನ ಹತ್ತಿರ ಕುಳಿತು ಹೇಳಿದಳು: 'ಉಳದವರೆಲ್ಲಾ ಕಣದಾಗ ಎತ್ತು ಹಂತಿ ತುಳದಂಗ ಧಡಾ ಧಡಾ ಓಡಾಕತ್ತಿದ್ರು ವೈನಿ. ಅವರ ಸಪ್ಪಳಾ ಹಿಂದ ಹಿಂದ ಹೋತು. ಆಮ್ಯಾಲ ಏನೂ ಕೇಳಲಿಲ್ಲ. ನಾನ ಇದ್ನೋ ಇಲ್ಲೋ ಅನ್ನೂಹಂಗ ಆತು.' ನಮ್ಮ ಮನೆಯವರು ಆಗಲೇ ಹೊರಗೆ ಹೋಗಿ ಜಿಲೇಬಿ ತಂದರು. ಕಾರವಾರಕ್ಕೆ ತಾವೂ ಹೋಗಬೇಕೆಂದು ರಜೆಗೆ ಹೇಳಿಟ್ಟರು. ಅದು ಆ ಮನೆಯಲ್ಲಿ ನಾವು ಕಂಡ ಬಹಳ ಸುಖದ ದಿನ. ದೇವರು ಆ ದಿನವನ್ನಾದರೂ ಪೂರ್ತಿ ಕೊಟ್ಟ.

ನನ್ನದು ಚೊಚ್ಚಿಲು. ಕಾರವಾರ ಮುಗಿದ ಮೇಲೆ ತವರಿನಿಂದ ಅಣ್ಣ ಬಂದು ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಆದರೆ ದಿನ ತುಂಬುವ ಮೊದಲೇ, ಕಾರವಾರಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗಲೇ, ನೀರು ತರುವ ಹೊತ್ತಿನಲ್ಲಿ ನನಗೆ ನೋವು ಬಂತು. ಸೂಲಗಿತ್ತಿಯನ್ನು ಕರೆತರಲು ನಾದಿನಿ ಓಡಿದಳು. ಖಾಲಾ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೆಣ್ಣು ಕೂಸು. ಅಂಗೈ ತುಂಬಾ ಅಷ್ಟೇ ಇತ್ತು. ಅಳು ಬೆಕ್ಕಿನ ಮರಿಯಷ್ಟು. ನಾದಿನಿ ಅದನ್ನು ಅರಿವೆಯಲ್ಲಿ ಸುತ್ತಿ, ಒಲೆಯ ಬೆಚ್ಚಗಿನ ಮಗ್ಗುಲಲ್ಲಿ ಎದೆಗೆ ಒತ್ತಿಕೊಂಡು ಕುಳಿತೇ ಇದ್ದಳು, ಕೆಳಗೆ ಇಡಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅವಳ ತೊಡೆಯ ಮೇಲೆಯೇ ಅದು ಹೋಯಿತು. ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಅವಳ ಮುಖ ನೋಡಿದೆ, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಕೂಸು ಒಂಟಿಯಾಗಿ ಹೋಗಲಿಲ್ಲವಲ್ಲ, ಒಬ್ಬರ ಮೈಯ ಬಿಸಿಯಲ್ಲಿ ಹೋಯಿತಲ್ಲ ಎಂದು ಈಗ ಹೇಳಿಕೊಳ್ಳುತ್ತೇನೆ. ಅಂದು ಹಾಗೆ ಅನ್ನಿಸಿರಲಿಲ್ಲ.

ಸೂತಕ ಬಂತು. ಕಾರವಾರದ ಲಾರಿ ಹೊರಡುವ ದಿನ ಸೂತಕದೊಳಗೇ ಬಿತ್ತು.

ನಮ್ಮ ಮನೆಯವರು ತಾಯಿಯ ಮುಂದೆ ಕುಳಿತು, ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಒಳಗೆ ಕೇಳಿಸುತ್ತಿತ್ತು. 'ಗುಡಿಗೆ ಹೋಗಬಾರದು ಖರೆ. ಮೈದಾನಕ್ಕ ಹೋಗಬಾರದು ಅಂತ ಎಲ್ಲಿ ಐತಿ ಅವ್ವಾ?'

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಚಾರವೆಂದರೆ ಜೀವ ಬಿಡುವ ಹೆಂಗಸು. ಆಮೇಲೆ, 'ಹೋಗಲಿ ಬಿಡು. ನಾ ಕಣ್ಣಿಲ್ಲದಾಕಿ. ಮನ್ಯಾಗಿಂದ ಯಾರು ಹೊಂಟ್ರು, ಯಾರು ಬಂದ್ರು, ನನಗೇನ ಕಾಣತೈತಿ?' ಎಂದರು.

ಹೀಗೆ ದಾರಿ ಬಿಟ್ಟರು. ಬಿಟ್ಟ ದಾರಿಯಲ್ಲಿ ಅವಳು ಹೋಗಲಿಲ್ಲ.

ನನಗೆ ಜ್ವರ ಹತ್ತಿತ್ತು. ಕುಡಿಯುವ ಕೂಸಿಲ್ಲದೆ ಹಾಲು ಬಿಗಿದು, ಎದೆ ಕಲ್ಲಾಗಿ, ಕೈ ಎತ್ತಲಾಗುತ್ತಿರಲಿಲ್ಲ. ತವರಿಗೆ ಸುದ್ದಿ ಹೋಗಿತ್ತು, ಅವ್ವ ಇನ್ನೂ ಬಂದಿರಲಿಲ್ಲ. ಅತ್ತೆಗೆ ಒಲೆ ಕಾಣದು. ಸೂತಕದ ಮನೆಯೆಂದು ಓಣಿಯ ಹೆಂಗಸರು ಹೊಸ್ತಿಲ ಆಚೆಯೇ ನಿಂತು ಮಾತಾಡಿಸಿ ಹೋಗುವರು. ಖಾಲಾ ಒಬ್ಬರು ಒಳಗೆ ಬರುವರು, ಆದರೆ ಅವರ ಕೈಯ ಅನ್ನವನ್ನು ಅತ್ತೆ ಆ ಕಾಲಕ್ಕೆ ಉಣ್ಣುವವರಲ್ಲ. ಖಾಲಾ ಎಲ್ಲಿಂದಲೋ ಮಲ್ಲಿಗೆ ಹೂ ತಂದರು. ನಾದಿನಿ ಅದನ್ನು ಬಟ್ಟೆಯಲ್ಲಿ ಹಾಕಿ, ಹಾಲು ಇಂಗಲೆಂದು ನನ್ನ ಎದೆಗೆ ಕಟ್ಟುವಳು, ಬಾಡಿದಾಗ ಬಿಚ್ಚಿ ಮತ್ತೆ ಕಟ್ಟುವಳು.

'ನೀ ಹೋಗವಾ' ಎಂದೆ ನಾನು. 'ನಾ ಹೆಂಗರ ಮಾಡಕೋತೇನಿ.'

'ಕಾರವಾರ ಎಲ್ಲಿ ಓಡಿ ಹೋಗ್ತೈತಿ ವೈನಿ? ಓಡಾಕಿ ನಾನು, ಊರಲ್ಲ.'

'ಹುಚ್ಚಿ, ನಿಂದು ಜನ್ಮದ ಪ್ರಶ್ನೆ ಐತಿ.'

'ಕೈ ಎತ್ತು. ಗಂಟ ಸಡಲ ಆಗೇತಿ' ಎಂದಳು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, 'ನಾ ಮನ್ಯಾಗ ಇರ್ತೇನಿ, ರಜಾ ಐತಿ. ಅನ್ನಾ ಬೇಯಸ್ತೇನಿ, ನೀ ಹೋಗು' ಎಂದರು.

'ಅಣ್ಣಾ, ನೀ ಬೇಯಿಸಿದ್ದು ಉಂಡ್ರ ಇನ್ನೊಂದು ಸೂತಕ ಬರ್ತೈತಿ.'

ಅಂಥ ಮನೆಯಲ್ಲಿ, ಅಂಥ ದಿನ, ನಾವು ಮೂವರೂ ನಕ್ಕೆವು. ನಕ್ಕವರು ಅಲ್ಲೇ ಅಳತೊಡಗಿದೆವು. ಅವಳು ಮಾತ್ರ ಅಳಲಿಲ್ಲ.

ಬೆಳಿಗ್ಗೆ ಲಾರಿ ಓಣಿಯ ತುದಿಗೆ ಬಂದು ನಿಂತಿತು. ಹುಡುಗಿಯರ ಹಾಡು ಕೇಳಿಸುತ್ತಿತ್ತು. ಡ್ರಿಲ್ ಅಕ್ಕಾರು ಬಾಗಿಲಿಗೆ ಬಂದರು, ಹೊಸ್ತಿಲ ಆಚೆ ನಿಂತರು.

'ಚಲ ಗ ಬಾಯಿ. ಕಾಡು ದಾಟಿ ಘಟ್ಟಾ ಇಳೀಬೇಕು, ಹೊತ್ತಾಗ್ತೈತಿ.'

'ನಾ ಬರೂದಿಲ್ರಿ ಅಕ್ಕಾರೆ.'

'ಬರೂದಿಲ್ಲಂದ್ರ? ಹುಚ್ಚಿಯೇನ ನೀ? ಮುಂದಿನ ವರ್ಷ ಅನ್ನಾಕ ನೀ ಸಾಲ್ಯಾಗ ಇರತೀ ಏನ?'

'ಇರೂದಿಲ್ರಿ. ಗೊತ್ತೈತ್ರಿ.'

ಅಕ್ಕಾರು ಇನ್ನೂ ಏನೋ ಹೇಳಿದರು, ಜೋರು ಮಾಡಿದರು, ಮರಾಠಿಯಲ್ಲಿ ಬೇಡಿಕೊಂಡರು. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿ ನಡೆದರು. ಲಾರಿ ಹೊರಟ ಸದ್ದು ಕೇಳಿಸಿತು. ಅದು ರಸ್ತೆ ಸೇರಿ, ಸೇತುವೆಯ ಕಡೆ ತಿರುಗಿ, ಇನ್ನು ಕೇಳಿಸದು ಎನ್ನುವವರೆಗೂ ಅವಳು ಬಾಗಿಲಲ್ಲೇ ಇದ್ದಳು. ಆಮೇಲೆ ಒಳಗೆ ಬಂದು ರೊಟ್ಟಿಗೆ ಕುಳಿತಳು. ಆ ದಿನ ರೊಟ್ಟಿ ಬಡಿದ ಸಪ್ಪಳ ಇಡೀ ಚಾಳಿಗೆ ಕೇಳಿಸಿರಬೇಕು. ಗೋಡೆಯಾಚೆ ಚಾಚಾ ರಾತ್ರಿ ಪಾಳಿ ಮುಗಿಸಿ ಬಂದಿದ್ದರು. ಅವರೇನೂ ಅನ್ನಲಿಲ್ಲ.

ಎರಡು ದಿನಕ್ಕೆ ಅವ್ವ ಬಂದಳು. ಅಷ್ಟರಲ್ಲಿ ಕಾರವಾರದ ಓಟ ಮುಗಿದಿತ್ತು. ಯಾರು ಗೆದ್ದರೆಂದು ನಾವು ಕೇಳಲಿಲ್ಲ, ಅಕ್ಕಾರೂ ಹೇಳಲಿಲ್ಲ. ನನ್ನ ಜ್ವರ ಇಳಿಯಿತು, ನಾನು ಉಳಿದೆ. ಸೂಲಗಿತ್ತಿ ಆಮೇಲೆ ಅಂದಳು, ಆ ಹುಡುಗಿ ನೋಡಿಕೊಂಡದ್ದಕ್ಕೆ ಉಳಿದಿ ಎಂದು. ನಮ್ಮ ಮನೆಯವರು ಚಿಗಳ್ಳಿಯ ಮಾತನ್ನು ತಾವಾಗಿ ಎತ್ತಲಿಲ್ಲ. ಸಂಕ್ರಾಂತಿಯ ಮೇಲೆ ಚಿಗಳ್ಳಿಯವರೇ ಕೇಳಲು ಬಂದರು. ಆಗ ಅಣ್ಣ ತಂಗಿಯ ಮುಖ ನೋಡಿದರು. 'ಮಾತು ಮಾತ ಅಣ್ಣಾ. ನಂಬರ್ ಬಂದಿಲ್ಲಲ್ಲ' ಎಂದಳು. ಬೇಸಿಗೆಯಲ್ಲಿ ಅಕ್ಷತೆ ಬಿತ್ತು. ಖಾಲಾ, ಚಾಚಾ ಮದುವೆಗೆ ಬಂದು ಕಡೆಯ ಪಂಕ್ತಿಯವರೆಗೂ ಕೆಲಸ ಮಾಡಿದರು. ಅಕ್ಕಾರಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು.

ಚಿಗಳ್ಳಿಯ ಮನೆಯವರು ಒಳ್ಳೆಯವರು. ಹೊಡೆಯಲಿಲ್ಲ, ಬಡಿಯಲಿಲ್ಲ, ಹೊಟ್ಟೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಗಂಡ ಅವಳ ಮಾತು ಕೇಳುವವನು. ಎಲ್ಲ ಹೆಣ್ಣುಮಕ್ಕಳಿಗೂ ಇಷ್ಟು ಸಿಗುವುದಿಲ್ಲ ಎಂದು ನನಗೆ ಗೊತ್ತು. ಅವಳು ಮತ್ತೆ ಓಡಲಿಲ್ಲ. ಓಡುವುದಕ್ಕೆ ಅಲ್ಲಿ ಕಾರಣವೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ, ಅವಳ ಎರಡನೆಯ ಕೂಸಿನ ತೊಟ್ಟಿಲಿಗೆ ನಾನು ಚಿಗಳ್ಳಿಗೆ ಹೋದೆ. ಆಗ ನನ್ನ ಮಡಿಲಲ್ಲೂ ಒಂದು ಗಂಡುಕೂಸು ಇತ್ತು. ಬಂದವರೆಲ್ಲ ಉಂಡು ಹೋದ ಮೇಲೆ, ನನ್ನ ಕೂಸನ್ನು ಒಳಗೆ ಮಲಗಿಸಿ, ಸಂಜೆ ಹಿತ್ತಲಲ್ಲಿ ನಾವಿಬ್ಬರೇ ಕುಳಿತಿದ್ದೆವು. ಅವಳು ಕಾಲು ಚಾಚಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಬಾಯಿಗೆ ಬಂತು.

'ಒಂದ ಮಾತು ಕೇಳಲೇನ ತಂಗಿ?'

'ಬ್ಯಾಡ ವೈನಿ. ಏನ್ ಕೇಳ್ತಿ ಅಂತ ಗೊತ್ತೈತಿ.'

ಅವಳು ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕಿ, ಮಗುಚಿ ಹಾಕಿ, ಹೊಟ್ಟೆಗೆ ತಿಕ್ಕಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

'ಸಿಟ್ಟ ಐತಿ. ನಿನ್ನ ಮ್ಯಾಲ ಅಲ್ಲ. ಆ ಕೂಸಿನ ಮ್ಯಾಲೂ ಅಲ್ಲ, ಅಣ್ಣನ ಮ್ಯಾಲೂ ಅಲ್ಲ. ಯಾರ ಮ್ಯಾಲ ಅಂತ ತಿಳೀವಲ್ದು. ಅದಕ್ಕ ಹೋಗವಲ್ದು.'

'ಇಷ್ಟು ವರ್ಷಾದ್ರೂ?'

'ಹೂಂ. ಗದ್ದಿಗೆ ಬುತ್ತಿ ಒಯ್ಯುವಾಗ, ಹಾದಿ ಸಪಾಟ ಇದ್ದಲ್ಲಿ, ಭಾಳ ಬರ್ತೈತಿ.'

ದೇವರು ಕೊಟ್ಟದ್ದನ್ನು ನೆನೆಸಿಕೊ ಎಂದು ಹೇಳುವುದು ನನ್ನ ರೂಢಿ. ಅಂದು ಆ ಮಾತು ನಾಲಿಗೆಗೆ ಬರಲಿಲ್ಲ. ಅವಳು ನನಗೆ ಸುಳ್ಳು ಹೇಳಲಿಲ್ಲ, ಏನೂ ಇಲ್ಲ ವೈನಿ ಎಂದು ತೇಲಿಸಿಬಿಡಲಿಲ್ಲ, ಅಷ್ಟನ್ನೇ ನಾನು ಕೃಪೆಯೆಂದು ತೆಗೆದುಕೊಂಡೆ. ದಾಂಡೇಲಿಗೆ ಮರಳಿದ ಮೇಲೆ ಹಣಮಪ್ಪನ ಮುಂದೆ ನಿಂತಾಗಲೂ, ಆ ಸಿಟ್ಟು ತೆಗೆಯಪ್ಪಾ ಎಂದು ಬೇಡಲಿಲ್ಲ. ಅವಳ ಕಾಲು ಗಟ್ಟಿಯಾಗಿಡು ಎಂದಷ್ಟೇ ಬೇಡಿದೆ.

ಅಂದು ಹಿತ್ತಲಲ್ಲಿ ಆ ಮಾತು ಮುಗಿಯುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು. ಅವಳು ಕೂಸನ್ನು ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಸೆರಗು ಸಿಗಿಸಿ ಎದ್ದಳು.

'ನಡಿ ವೈನಿ, ಹಿಂಡೂ ಹೊತ್ತಾತು. ಈ ಎಮ್ಮಿ ಹೊಸಬರನ್ನ ಕಂಡ್ರ ಒದೀತೈತಿ. ದೂರ ನಿಲ್ಲು.'

ನಾನು ಅವಳ ಕೂಸನ್ನು ಎತ್ತಿಕೊಂಡು ದೂರ ನಿಂತೆ. ಅವಳು ಕರುವನ್ನು ಬಿಟ್ಟು, ತುಸು ಕುಡಿಯಗೊಟ್ಟು, ಎಳೆದು ಕಟ್ಟಿ, ಹಿಂಡಲು ಕುಳಿತಳು.